ಬಿಸಿಲಿಗೆ ಒಗ್ಗಿದ ಹೂಗಳು

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಗಣರಾಜ್ಯೋತ್ಸವದ ಹೊತ್ತಿಗೆ ಒಮ್ಮೆ, ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿಗೆ ಇನ್ನೊಮ್ಮೆ. ನಮ್ಮ ಮೈಸೂರಿನಲ್ಲಿ ದಸರೆಗೆ ಕುಪ್ಪಣ್ಣ ಪಾರ್ಕಿನಲ್ಲಿ ನಡೆಯುತ್ತದೆ. ಈ ಯಾವುದೂ ಬೇಸಿಗೆಯಲ್ಲಿ ಬರುವುದಿಲ್ಲ. ತಲೆಮಾರುಗಳಿಂದ ಇದನ್ನೇ ನೋಡುತ್ತ ಬಂದ ನಮಗೆ ಹೂದೋಟವೆಂದರೆ ಚಳಿಗಾಲದ್ದು, ಮಳೆಗಾಲದ್ದು, ಬೇಸಿಗೆಯೇನಿದ್ದರೂ ಗಿಡಗಳನ್ನು ಹೇಗೋ ಸಾಯದಂತೆ ಕಾಯುವ ಕಾಲ ಎಂಬ ಭಾವನೆ ಬೆಳೆದುಬಿಟ್ಟಿದೆ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಕೂಡಲೇ ಎಷ್ಟೋ ಮನೆಗಳ ತಾರಸಿಯಲ್ಲಿ ಕುಂಡಗಳು ಬರಿದಾಗಿ ಒಂದರ ಮೇಲೊಂದು ಕೂರುತ್ತವೆ.

ನನಗೆ ಇದು ಸರಿಯೆನಿಸುವುದಿಲ್ಲ. ಕನ್ನಡಿಗರಿಗೆ ಅತ್ಯಂತ ಪ್ರಿಯವಾದ ಹೂವು ಮಲ್ಲಿಗೆ, ಅದು ಬಿಡುವುದೇ ಬೇಸಿಗೆಯಲ್ಲಿ. ಡಿಸೆಂಬರಿನಲ್ಲಿ ಬೆಲೆ ಕೇಳಿ ಹಿಂದೆ ಸರಿದವರು ಏಪ್ರಿಲ್‌ನಲ್ಲಿ ದೇವರಾಜ ಮಾರುಕಟ್ಟೆಗೆ ಹೋದರೆ ಮೊಳದ ಬದಲು ಮಾರು ತರುತ್ತಾರೆ. ಎಲೆಯುದುರಿ ಒಣಗಿದಂತೆ ಕಾಣುವ ನಮ್ಮ ಕುರುಚಲು ಕಾಡಿನಲ್ಲಿ ಮುತ್ತುಗ ಕೆಂಪಾಗುವುದೂ ಬಿಸಿಲು ಏರುತ್ತಿರುವಾಗಲೇ. ಈ ನೆಲದಲ್ಲಿ ಬಿಸಿಲಿಗೂ ಹೂವಿಗೂ ಹಗೆತನವಿಲ್ಲ. ನಾವು ಆಯ್ದುಕೊಂಡ ಗಿಡಗಳಿಗೂ ಬಿಸಿಲಿಗೂ ಹಗೆತನವಿರಬಹುದು, ಅದು ಬೇರೆ ಮಾತು.

ಆಯ್ಕೆಯ ಗೊಂದಲಕ್ಕೆ ಒಂದು ಕಾರಣ ಬೀಜದ ಪೊಟ್ಟಣಗಳ ಮೇಲಿನ ಬರಹ. ‘ಬೇಸಿಗೆಯ ಹೂವು’ ಎಂದು ಅಲ್ಲಿ ಅಚ್ಚಾಗಿರುವ ಹಲವು ಹೆಸರುಗಳು ಇಂಗ್ಲೆಂಡಿನಂಥ ತಂಪು ದೇಶಗಳ ಲೆಕ್ಕದವು. ಅಲ್ಲಿ ಬೇಸಿಗೆಯೆಂದರೆ ಜೂನ್‌ನಿಂದ ಆಗಸ್ಟ್. ಅಲ್ಲಿನ ಹಿತವಾದ ಬೇಸಿಗೆಯ ಹಗಲು ನಮ್ಮ ಡಿಸೆಂಬರ್, ಜನವರಿಯ ಹಗಲಿಗಿಂತಲೂ ತಂಪು. ಪೆಟೂನಿಯಾ ಅಲ್ಲಿ ಬೇಸಿಗೆಯ ಹೂವು, ಇಲ್ಲಿ ಚಳಿಗಾಲದ ಹೂವು. ಜನವರಿಯಲ್ಲಿ ನರ್ಸರಿಯಿಂದ ತಂದ ಪೆಟೂನಿಯಾ ಮಾರ್ಚ್ ಮುಗಿಯುವ ಹೊತ್ತಿಗೆ ಕಾಂಡ ಉದ್ದವಾಗಿ, ಬುಡ ಬೋಳಾಗಿ, ತುದಿಯಲ್ಲಿ ಮಾತ್ರ ಒಂದೆರಡು ಸಣ್ಣ ಹೂ ಬಿಡುತ್ತ ಸೊರಗುತ್ತದೆ. ಅದನ್ನು ಉಳಿಸಲು ದಿನಕ್ಕೆರಡು ಹೊತ್ತು ನೀರು ಹಾಕಿ ಹೆಣಗುವುದಕ್ಕಿಂತ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ, ಆ ಕುಂಡವನ್ನು ಬಿಸಿಲು ಬೇಡುವ ಗಿಡಕ್ಕೆ ಕೊಡುವುದು ಒಳ್ಳೆಯದು. ನನ್ನ ಮಟ್ಟಿಗೆ ಇದು ನೀರಿಗೆ ಮಾಡುವ ನ್ಯಾಯ.

ಗಿಡದ ಆಯ್ಕೆ ಸರಿಯಾದ ಮೇಲೆ ಉಳಿಯುವುದು ಬೇರಿನ ವಿಚಾರ. ಬೇಸಿಗೆಯಲ್ಲಿ ನಾವು ಎಲೆಯ ಮೇಲೆ ಬೀಳುವ ಬಿಸಿಲನ್ನು ನೋಡಿ ಗಾಬರಿಯಾಗುತ್ತೇವೆ, ಆದರೆ ಗಿಡ ಸೋಲುವುದು ಸಾಮಾನ್ಯವಾಗಿ ಬುಡದಲ್ಲಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದು ಜಾತಿಯ ಮರ ಹೂ ಬಿಡುವಂತೆ ಯೋಜಿಸಿದರಷ್ಟೆ. ಆ ಸಾಲಿನ ಜಕರಂದ, ಗುಲ್‌ಮೊಹರ್‌ಗಳು ಬೇಸಿಗೆಯ ನಡುವೆಯೇ ಮೈತುಂಬ ಅರಳುವುದು ಸಾಧ್ಯವಾಗಿರುವುದು ಅವುಗಳ ಬೇರು ನೆಲದೊಳಗಿನ ತಂಪು ಮಣ್ಣಿನಲ್ಲಿ ಇರುವುದರಿಂದ. ಕುಂಡದ ಗಿಡಕ್ಕೆ ಆ ತಂಪು ಇಲ್ಲ. ಮೈಸೂರಿನಲ್ಲಿ ಏಪ್ರಿಲ್‌ನ ಮಧ್ಯಾಹ್ನ 35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ರಾಯಚೂರು, ಕಲಬುರಗಿಗಳಲ್ಲಿ 40 ದಾಟುತ್ತದೆ. ಬಿಸಿಲಿಗೆ ಮೈಯೊಡ್ಡಿದ ಕಪ್ಪು ಪ್ಲಾಸ್ಟಿಕ್ ಕುಂಡದ ಒಳಗಿನ ಮಣ್ಣು ಹೊರಗಿನ ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ಕುಂಡದ ಗೋಡೆಗೆ ಅಂಟಿಕೊಂಡ ಎಳೆಯ ಬೇರುಗಳು ಮೊದಲು ಸುಡುತ್ತವೆ, ನೀರು ಹೀರುವ ಬೇರುಗಳೂ ಅವೇ. ಆಮೇಲೆ ಎಷ್ಟು ನೀರು ಸುರಿದರೂ ಗಿಡ ಬಾಡಿಯೇ ನಿಂತಿರುತ್ತದೆ, ನಾವು ಇನ್ನಷ್ಟು ಸುರಿಯುತ್ತೇವೆ, ಉಳಿದ ಬೇರು ಕೊಳೆಯುತ್ತದೆ.

ಆದ್ದರಿಂದ ನನ್ನ ಮೊದಲ ಆಯ್ಕೆ ಮಣ್ಣಿನ ಕುಂಡ. ಅದರ ಗೋಡೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗುತ್ತ ಹೋಗುವುದರಿಂದ ಒಳಗಿನ ಮಣ್ಣು ತಂಪಾಗಿರುತ್ತದೆ, ಕುಡಿಯುವ ನೀರಿನ ಮಡಕೆಯಂತೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಮಣ್ಣಿನ ಕುಂಡ ಬೇಗ ಒಣಗುತ್ತದೆ, ಭಾರವೂ ಹೆಚ್ಚು. ತಾರಸಿಯ ಮೇಲೆ ಇಡುವವರು ಗೋಡೆ, ತೊಲೆಗಳ ಮೇಲೆ ಭಾರ ಬೀಳುವಂತೆ ಅಂಚಿಗೆ ಜೋಡಿಸಬೇಕು. ಪ್ಲಾಸ್ಟಿಕ್ ಕುಂಡಗಳೇ ಇದ್ದರೆ ತಿಳಿ ಬಣ್ಣದವನ್ನು ಆರಿಸಿ, ಕಪ್ಪು ಚೀಲಗಳಿದ್ದರೆ ಸುತ್ತ ಗೋಣಿ ಸುತ್ತಿದರೆ ಸಾಕು. ಕುಂಡಗಳನ್ನು ಒಂಟೊಂಟಿಯಾಗಿ ಇಡದೆ ಒತ್ತೊತ್ತಾಗಿ ಗುಂಪು ಮಾಡಿದರೆ ಒಂದರ ನೆರಳು ಇನ್ನೊಂದರ ಮೈಗೆ ಬೀಳುತ್ತದೆ. ಹೊರಗಿನ ಸಾಲಿನಲ್ಲಿ ಬಿಸಿಲು ತಾಳುವ ಗಿಡ, ನಡುವೆ ಸ್ವಲ್ಪ ಸೂಕ್ಷ್ಮವಾದದ್ದು. ಕಾಂಕ್ರೀಟಿನ ತಾರಸಿ ಹಗಲೆಲ್ಲ ಹೀರಿದ ಕಾವನ್ನು ರಾತ್ರಿ ಬಹಳ ಹೊತ್ತು ಬಿಡುತ್ತಲೇ ಇರುವುದರಿಂದ ಕುಂಡ ನೇರವಾಗಿ ನೆಲಕ್ಕೆ ತಾಗದ ಹಾಗೆ ಇಟ್ಟಿಗೆಯ ಚೂರುಗಳ ಮೇಲೆ ಕೂರಿಸುವುದು ಒಳ್ಳೆಯದು. ಬೆಳಗಿನ ಬಿಸಿಲು ಎಷ್ಟು ಬಿದ್ದರೂ ಬೀಳಲಿ. ಮಧ್ಯಾಹ್ನ ಮೂರರ ಮೇಲಿನ ಪಡುವಣ ಬಿಸಿಲಿಗೆ ಮಾತ್ರ ಏನಾದರೊಂದು ಮರೆ ಬೇಕು.

ಮಣ್ಣಿನ ವಿಚಾರದಲ್ಲಿ ಇತ್ತೀಚೆಗೆ ಎಲ್ಲರೂ ಕೊಕೊಪೀಟ್, ಎಂದರೆ ತೆಂಗಿನ ನಾರಿನ ಪುಡಿಯ ಕಡೆಗೆ ವಾಲಿದ್ದಾರೆ. ಹಗುರವೆಂಬುದು ನಿಜ, ಆದರೆ ಬೇಸಿಗೆಯಲ್ಲಿ ಅದು ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಹಾಕಿದ ನೀರೆಲ್ಲ ಆ ಸಂದಿಯಿಂದ ಇಳಿದು ತಳದ ತೂತಿನಿಂದ ಹೊರಬರುತ್ತದೆ, ನಡುವಿನ ಬೇರಿಗೆ ಹನಿಯೂ ಮುಟ್ಟುವುದಿಲ್ಲ. ಅರ್ಧದಷ್ಟು ಕೆಮ್ಮಣ್ಣು, ಕಾಲು ಭಾಗ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಉಳಿದದ್ದರಲ್ಲಿ ಮರಳೂ ಕೊಕೊಪೀಟೂ ಸೇರಿದರೆ ನಮ್ಮ ಕಡೆಯ ಬಿಸಿಲಿಗೆ ಹೊಂದುತ್ತದೆ. ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಮೇಲೆ ಒಣಗಿದ ಎಲೆ ಅಥವಾ ತೆಂಗಿನ ನಾರಿನ ಹೊದಿಕೆ, ಎರಡು ಬೆರಳಿನಷ್ಟು ದಪ್ಪ, ಕಾಂಡಕ್ಕೆ ತಾಗದಂತೆ. ಈ ಹೊದಿಕೆಯೊಂದನ್ನು ಮಾಡಿದವರಿಗೆ ಉಳಿದ ಅರ್ಧ ಕೆಲಸ ತಪ್ಪುತ್ತದೆ.

ನೀರು ಹಾಕುವುದು ಬೆಳಗಿನ ಕೆಲಸ. ಮಧ್ಯಾಹ್ನದ ಹೊತ್ತಿಗೆ ತಾರಸಿಯ ಟ್ಯಾಂಕಿನ ನೀರು, ಬಿಸಿಲಲ್ಲಿ ಬಿದ್ದಿರುವ ಪೈಪಿನೊಳಗಿನ ನೀರು ಕೈಗೆ ಚುರುಕ್ ಎನ್ನುವಷ್ಟು ಕಾದಿರುತ್ತದೆ, ಅದನ್ನು ಬೇರಿಗೆ ಹಾಕಬಾರದು. ಒಮ್ಮೆ ಸ್ವಲ್ಪ ಹಾಕಿ ಮಣ್ಣು ನೆನೆಯಲು ಬಿಟ್ಟು, ಐದು ನಿಮಿಷದ ಮೇಲೆ ಇನ್ನೊಮ್ಮೆ ತುಂಬ ಹಾಕಿದರೆ ತಳದವರೆಗೂ ಇಳಿಯುತ್ತದೆ. ಮೇಲ್ಮಣ್ಣು ಒಣಗಿದೆಯೆಂದು ನೋಡಿಯೇ ನಿರ್ಧರಿಸದೆ ಎರಡು ಗೆಣ್ಣು ಆಳಕ್ಕೆ ಬೆರಳು ಇಳಿಸಬೇಕು. ಕೊಳವೆಬಾವಿಯ ಗಡಸು ನೀರು ಬಳಸುವವರ ಕುಂಡಗಳ ಹೊರಮೈಯಲ್ಲಿ ಬಿಳಿಯ ಪುಡಿ ಕಾಣುತ್ತದಲ್ಲ, ಅದು ಉಪ್ಪು. ಅದೇ ಒಳಗೂ ಸೇರುತ್ತಿರುತ್ತದೆ, ಎಲೆಯ ಅಂಚು ಸುಟ್ಟಂತೆ ಒಣಗುವುದಕ್ಕೆ ಹಲವು ಸಲ ಅದೇ ಕಾರಣ. ನೀರು ಶುದ್ಧ ಮಾಡುವ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕುವ ರೂಢಿ ಒಳ್ಳೆಯ ಉದ್ದೇಶದ್ದೇ, ಆದರೆ ಅದರಲ್ಲಿ ಉಪ್ಪಿನಂಶ ಇನ್ನೂ ಹೆಚ್ಚಿರುವುದರಿಂದ ಕುಂಡಗಳಿಗೆ ಬೇಡ, ನೆಲ ಒರೆಸಲು ಇರಲಿ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಮಾತ್ರ ಯಾವ ಅನುಮಾನವೂ ಇಲ್ಲದೆ ಹೂಗಿಡಕ್ಕೆ ಸಲ್ಲುತ್ತದೆ.

ನೀರಿನ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಮಾಡಿತು. ಆ ದಿನಗಳಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಕಾಂಪೌಂಡಿನ ಆಚೆ ನಿಂತು, “ಅಲ್ಲಮ್ಮಾ, ಜನಕ್ಕೇ ನೀರಿಲ್ಲ ಅಂತಾರೆ, ನೀನು ಹೂವಿಗೆ ಹಾಕ್ತೀಯಲ್ಲ” ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ನೀರಿಲ್ಲದ ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿಡುವುದನ್ನು ನಾನು ಸಮರ್ಥಿಸಲಾರೆ. ಆದರೆ ಬಿಸಿಲಿನ ಗಿಡ ನೆಟ್ಟು, ಹೊದಿಕೆ ಹಾಸಿ, ಅಡುಗೆಮನೆಯಲ್ಲಿ ತೊಳೆದು ಚೆಲ್ಲುವ ನೀರನ್ನು ಹಿಡಿದಿಟ್ಟರೆ ಒಂದು ಸಾಲು ಕುಂಡಗಳು ಕುಡಿಯುವ ನೀರಿನ ಹಂಗಿಲ್ಲದೆ ಹೂ ಕೊಡುತ್ತವೆ. ಬೇಸಿಗೆಯಲ್ಲಿ ಬೇರೆ ಹೂ ಕಡಿಮೆಯಿರುವ ನಗರದಲ್ಲಿ ಜೇನಿಗೂ ಚಿಟ್ಟೆಗೂ ಆ ಸಾಲು ಊಟದ ಜಾಗ. ಇದನ್ನು ಅವರಿಗೂ ಹೇಳಿದೆ. ಈಗ ಅವರ ಮನೆಯ ಸಜ್ಜೆಯ ಮೇಲೂ ಟೇಬಲ್ ರೋಸ್ ಇದೆ.

ಟೇಬಲ್ ರೋಸ್ ಬಗ್ಗೆ ನನಗೆ ವಿಶೇಷ ಪ್ರೀತಿ. ಹತ್ತು ಗಂಟೆಯ ಹೂ ಎಂದೂ ಕರೆಯುವ ಇದರ ಮೂಲ ದಕ್ಷಿಣ ಅಮೆರಿಕದ ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್‌ನ ದಕ್ಷಿಣ ಭಾಗ. ಸೂಜಿಯಂಥ ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವುದರಿಂದ ಎರಡು ದಿನ ನೀರು ತಪ್ಪಿದರೂ ಮುನಿಯುವುದಿಲ್ಲ. ಬೆಳಗ್ಗೆ ಎಂಟಕ್ಕೆ ನೋಡಿದರೆ ಬಿಗಿದ ಮೊಗ್ಗು. ಬಿಸಿಲು ನೇರವಾಗಿ ಬಿದ್ದು ಸ್ವಲ್ಪ ಹೊತ್ತಾದ ಮೇಲೆ ರೇಷ್ಮೆಯ ಹೊಳಪಿನ ದಳಗಳು ಒಂದೊಂದಾಗಿ ಬಿಡಿಸಿಕೊಂಡು ಹೂ ಬಟ್ಟಲಾಗುತ್ತದೆ. ಅರಳಿದ ಒಂಟಿಸುತ್ತಿನ ಹೂವಿನ ನಡುವಿನ ಹಳದಿ ಕೇಸರಗಳನ್ನು ಹುಲ್ಲಿನ ಕಡ್ಡಿಯಿಂದ ಮೆಲ್ಲಗೆ ತಾಕಿಸಿ ನೋಡಿ. ಮುಟ್ಟಿದ ಕಡೆಗೆ ಕೇಸರಗಳೆಲ್ಲ ಬಾಗುತ್ತವೆ. ಸಣ್ಣ ಜೇನು ಒಳಗೆ ಇಳಿದಾಗಲೂ ಹೀಗೆಯೇ ಬಾಗಿ ಅದರ ಮೈಗೆ ಪರಾಗ ಬಳಿಯುತ್ತವೆ. ಹೂವು ಅದೇ ದಿನ ಮುಚ್ಚಿಕೊಂಡು ಬಾಡುತ್ತದೆ, ಕೆಲವು ದಿನಗಳ ಮೇಲೆ ಅಲ್ಲೊಂದು ಸಣ್ಣ ಬೀಜಕೋಶ ಬಲಿಯುತ್ತದೆ, ಬಲಿತ ಮೇಲೆ ಅದರ ಮೇಲ್ಭಾಗ ಡಬ್ಬಿಯ ಮುಚ್ಚಳದಂತೆ ಪೂರ್ತಿ ಕಳಚಿ ಬೀಳುತ್ತದೆ, ಒಳಗೆ ಉಕ್ಕಿನ ಬಣ್ಣದ ಧೂಳಿನಷ್ಟು ಸಣ್ಣ ಬೀಜಗಳು. ಬೀಜದ ತಾಳ್ಮೆಯಿಲ್ಲದವರು ಬೆರಳುದ್ದದ ಕಾಂಡ ಮುರಿದು ನೆಟ್ಟರೂ ಬೇರುಬಿಡುತ್ತದೆ. ಆರೆಂಟು ಇಂಚಿನ ಅಗಲವಾದ, ಆಳವಿಲ್ಲದ ಕುಂಡ ಸಾಕು. ನೆರಳಿನಲ್ಲಿ ಇಟ್ಟರೆ ಮಾತ್ರ ಹೂವೇ ಅರಳುವುದಿಲ್ಲ.

ಕಾಶಿ ಕಣಗಿಲೆ, ನಿತ್ಯಪುಷ್ಪ ಎಂದು ಕರೆಯುವ ಮಡಗಾಸ್ಕರ್ ಮೂಲದ ಗಿಡ ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದನ್ನು ಯಾರೂ ಬೆಲೆ ಕೊಟ್ಟು ನೋಡುವುದಿಲ್ಲ. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಔಷಧ ಬಂದದ್ದು ಈ ಗಿಡದಿಂದ. ಅದೇ ಕಾರಣಕ್ಕೆ ಎಲೆ, ಬೇರು ಎಲ್ಲವೂ ವಿಷ. ಮನೆಮದ್ದೆಂದು ಯಾರೂ ತಿನ್ನಬಾರದು, ದನಕರುಗಳೂ ಬಾಯಿ ಹಾಕುವುದಿಲ್ಲ. ಬೇಸಿಗೆಯ ಕುಂಡಕ್ಕೆ ಇದಕ್ಕಿಂತ ನಂಬಿಕೆಯ ಗಿಡ ನನಗೆ ತಿಳಿದಿಲ್ಲ. ಎಳೆಯದಿರುವಾಗ ಒಂದೆರಡು ಸಲ ಕುಡಿ ಚಿವುಟಿದರೆ ಪೊದೆಯಾಗುತ್ತದೆ, ಬಾಡಿದ ಹೂ ತಾನೇ ಉದುರುತ್ತದೆ. ಅತಿಯಾದ ನೀರೊಂದೇ ಇದರ ಶತ್ರು.

ಕಾಗದದ ಹೂವಿನ ಮಾತೂ ಅಂಥದ್ದೇ: ನೀರು ತುಸು ಕಡಿಮೆ ಮಾಡಿ, ಬೇರು ಇಕ್ಕಟ್ಟಾಗಿರುವ ಕುಂಡದಲ್ಲಿ ಬಿಟ್ಟರೆ ಎಲೆಗಿಂತ ಬಣ್ಣವೇ ಹೆಚ್ಚು.

ಕಾಂಪೌಂಡಿನ ಉದ್ದಕ್ಕೂ ಎರಡು ಅಡಿ ಅಗಲದ ನೆಲ ಇರುವವರು ಭಾಗ್ಯವಂತರು, ಏಕೆಂದರೆ ಅರ್ಧ ಅಡಿ ಕೆಳಗಿಳಿದರೆ ಮಣ್ಣು ಮೇಲ್ಮೈಗಿಂತ ಎಷ್ಟೋ ತಂಪು, ಬೇರಿಗೆ ಓಡಾಡಲು ಜಾಗ. ಆದರೆ ಹೊಸ ಬಡಾವಣೆಯ ಮನೆಗಳಲ್ಲಿ ಆ ನೆಲದ ತುಂಬ ಮನೆ ಕಟ್ಟಿದಾಗ ಉಳಿದ ಜಲ್ಲಿ, ಗಾರೆ, ಸಿಮೆಂಟಿನ ಗಟ್ಟಿಗಳಿರುತ್ತವೆ. ಅವು ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿಸುವುದರಿಂದ ದಾಸವಾಳ, ಮಲ್ಲಿಗೆಗಳ ಎಳೆ ಎಲೆಯ ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾಗುತ್ತದೆ. ಒಂದೂವರೆ ಅಡಿ ಅಗೆದು ಆ ಕಸವನ್ನೆಲ್ಲ ಎತ್ತಿಹಾಕಿ, ತಳಕ್ಕೆ ತೆಂಗಿನ ಮಟ್ಟೆಗಳನ್ನು ಬೋರಲು ಹಾಕದೆ ಅಂಗಾತ ಹರಡಿ, ಮೇಲೆ ಕೆಮ್ಮಣ್ಣೂ ಗೊಬ್ಬರವೂ ತುಂಬಿದರೆ ಮಟ್ಟೆಯ ನಾರು ನೀರು ಹೀರಿಕೊಂಡು ಬಹಳ ದಿನ ಬೇರಿಗೆ ತಣಿವು ಕೊಡುತ್ತದೆ. ಪಾತಿಯ ನಡುನಡುವೆ ಸಣ್ಣ ಮಡಕೆಗಳನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಮುಚ್ಚಿಡುವ ಹಳೆಯ ಪದ್ಧತಿಯೂ ಬಹಳ ಒಳ್ಳೆಯದು. ಮಡಕೆಯಿಂದ ಜಿನುಗುವ ನೀರನ್ನು ಬೇರುಗಳೇ ಹುಡುಕಿಕೊಂಡು ಬರುತ್ತವೆ, ಮೇಲ್ಮಣ್ಣು ಒಣಗಿಯೇ ಇರುವುದರಿಂದ ಕಳೆಯೂ ಕಡಿಮೆ. ಒಣ ಹೊದಿಕೆಗೆ ಗೆದ್ದಲು ಬರುವ ಕಡೆ ಅದನ್ನು ಗಿಡದ ಬುಡದಿಂದ ಗೇಣು ದೂರ ಇಟ್ಟು ಬೇವಿನ ಹಿಂಡಿ ಬೆರೆಸಬೇಕು.

ಈ ಪಾತಿಯಲ್ಲಿ ಗೋಡೆಗೆ ಒತ್ತಿ ದಾಸವಾಳ, ಅದರ ಮುಂದೆ ಜಿನಿಯಾ ಮತ್ತು ಕಿತ್ತಳೆ ಬಣ್ಣದ ಕಾಸ್ಮಾಸ್, ಅಂಚಿಗೆ ಟೇಬಲ್ ರೋಸ್, ಇಷ್ಟೇ ನನ್ನ ಏರ್ಪಾಡು. ಮೆಕ್ಸಿಕೊ ಮೂಲದ ಜಿನಿಯಾಕ್ಕೆ ಕಾವು ಬೇಕೇ ಬೇಕು. ರಥಸಪ್ತಮಿಯ ಹೊತ್ತಿಗೆ ಬೀಜವನ್ನು ಹೂ ಬಿಡಬೇಕಾದ ಜಾಗದಲ್ಲಿಯೇ ಊರಿದರೆ ವಾರದೊಳಗೆ ಮೊಳೆತು, ಏಪ್ರಿಲ್‌ಗೆ ಹೂ ಶುರುವಾಗುತ್ತದೆ. ಸಸಿ ಕಿತ್ತು ನೆಡುವುದನ್ನು ಅದರ ಬೇರು ಇಷ್ಟಪಡುವುದಿಲ್ಲ. ಅಂಗೈಯುದ್ದ ಬೆಳೆದಾಗ ತುದಿ ಚಿವುಟಿ, ಅರಳಿದ ಹೂವನ್ನು ಉದ್ದ ಕಾಂಡದ ಸಮೇತ ಕತ್ತರಿಸಿ ಹೂದಾನಿಗೆ ತಂದಷ್ಟೂ ಹೊಸ ಕವಲು ಹೊರಡುತ್ತದೆ. ಕಾಸ್ಮಾಸ್‌ಗೆ ಗೊಬ್ಬರ ಹೆಚ್ಚಾದರೆ ಎಲೆಯೇ ಬೆಳೆಯುತ್ತದೆ, ಬಡ ಮಣ್ಣಿನಲ್ಲಿ ಅದು ಚೆಂದ. ಚೆಂಡು ಹೂವನ್ನು ನಾನು ಬೇಸಿಗೆಯಲ್ಲಿ ಹಾಕುವುದಿಲ್ಲ. ಹೂ ಚಿಕ್ಕದಾಗುತ್ತದೆ, ಒಣ ಬಿಸಿಗೆ ಎಲೆಯಡಿ ಕೆಂಪು ನುಸಿ ಬಲೆ ನೇಯುತ್ತದೆ. ಅದು ಮಳೆ ಬಂದ ಮೇಲೆ ದಸರೆಗೆಂದು ನೆಡುವ ಹೂವು.

ಮಲ್ಲಿಗೆಗೆ ಇದೆಲ್ಲಕ್ಕಿಂತ ಬೇರೆಯಾದ ಗಮನ ಬೇಕು. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚಿಯ, ಎಂದರೆ ಹುಟ್ಟಿದ ನೆಲದ ಹೆಸರಿನಿಂದಲೇ ಗುರುತಿಸುವ ಮನ್ನಣೆ ಇದೆ. ನಮ್ಮ ರಾಜ್ಯದ ತೀರಾ ಭಿನ್ನ ಹವೆಯ ಮೂರು ನೆಲಗಳು ಈ ಹೂವನ್ನು ತಮ್ಮದಾಗಿಸಿಕೊಂಡಿವೆ. ಬೇಸಿಗೆಯ ಮಲ್ಲಿಗೆಯ ಕೆಲಸ ಚಳಿಗಾಲದಲ್ಲೇ ಆರಂಭ. ಹೂವು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಡಿಸೆಂಬರಿನ ಸುಮಾರಿಗೆ ಕೆಲವು ದಿನ ನೀರು ಕಡಿಮೆ ಮಾಡಿ, ಗಿಡವನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಸವರಿ, ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಬುಡದಲ್ಲೇ ತೆಗೆದು, ಗೊಬ್ಬರ ಕೊಟ್ಟು ಮತ್ತೆ ನೀರು ಶುರು ಮಾಡಬೇಕು. ಹಸಿರಾಗಿರುವ ಗಿಡಕ್ಕೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲವೆಂದು ಹಲವರು ಬಿಡುತ್ತಾರೆ, ಆಮೇಲೆ ಏಪ್ರಿಲ್‌ನಲ್ಲಿ ಬರಿಯ ಎಲೆ ನೋಡಿ ಗಿಡವನ್ನು ದೂರುತ್ತಾರೆ. ನಮ್ಮತ್ತೆಯವರು ಈ ವಿಷಯದಲ್ಲಿ ಬಹಳ ಖಡಾಖಂಡಿತ. ಅವರ ಕೈಯಲ್ಲಿ ಕತ್ತರಿ ಇದ್ದರೆ ಗಿಡದಲ್ಲಿ ಎಲೆ ಉಳಿಯುತ್ತಿರಲಿಲ್ಲ, ಆ ವರ್ಷದ ಹೂವಿಗೂ ಲೆಕ್ಕವಿರುತ್ತಿರಲಿಲ್ಲ.

ಮಲ್ಲಿಗೆಗೆ ಹದಿನಾರು ಇಂಚಿಗಿಂತ ಚಿಕ್ಕ ಕುಂಡ ಬೇಡ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಹಸಿರು ಮೊಗ್ಗು ದಿನದಿಂದ ದಿನಕ್ಕೆ ಉಬ್ಬಿ, ಬುಡದ ಹಸಿರು ಹೋಗಿ ಪೂರ್ತಿ ಬೆಳ್ಳಗಾದ ದಿನ ಬೆಳಗ್ಗೆಯೇ ಬಿಡಿಸಿದರೆ ಸಂಜೆಗೆ ದಂಡೆಯಲ್ಲಿ ಅರಳುತ್ತದೆ. ಬಿಳಿಯಾಗಬೇಕಾದ ಮೊಗ್ಗು ನಸುಗೆಂಪಾಗಿ ಅಥವಾ ನೇರಳೆಯಾಗಿ ಸಣ್ಣ ತೂತು ತೋರಿಸಿದರೆ ಒಳಗೆ ಹುಳವಿದೆಯೆಂದು ತಿಳಿದು, ಅಂಥ ಮೊಗ್ಗುಗಳನ್ನು ನೆಲಕ್ಕೆ ಬೀಳಿಸದೆ ಆಯ್ದು ನಾಶಮಾಡಬೇಕು. ಎಲೆಯ ಮೇಲೆ ಬಿಳಿಯ ಉಣ್ಣೆಯಂಥ ಪದರ ಕಂಡರೆ ಅದು ನುಸಿಯ ಕೆಲಸ. ಆ ರೆಂಬೆಯನ್ನು ಕತ್ತರಿಸುವುದೇ ಸುಲಭದ ಉಪಾಯ. ಒಂದು ಸುತ್ತಿನ ಹೂ ಮುಗಿದ ಮೇಲೆ ಪ್ರತಿ ತುದಿಯನ್ನು ಎರಡು ಗೆಣ್ಣು ಕೆಳಗೆ ಚಿವುಟಿದರೆ ಮುಂದಿನ ಸುತ್ತು ಬೇಗ ಬರುತ್ತದೆ. ಬೇರೆ ಗಿಡಗಳಿಗೆ ಬೇಸಿಗೆಯಲ್ಲಿ ಗೊಬ್ಬರ ಕಡಿಮೆ ಕೊಡಬೇಕು, ಬಿಸಿಯಲ್ಲಿ ಅದು ಬೇರನ್ನೇ ಸುಡಬಹುದು; ಮಲ್ಲಿಗೆಗೆ ಮಾತ್ರ ಕಡಲೆಕಾಯಿ ಹಿಂಡಿ ನೆನೆಸಿ ಚೆನ್ನಾಗಿ ತೆಳುವಾಗಿಸಿದ ನೀರನ್ನು ಹದಿನೈದು ದಿನಕ್ಕೊಮ್ಮೆ, ಮಣ್ಣು ಒದ್ದೆಯಿರುವಾಗ ಕೊಡುತ್ತೇನೆ.

ಏಪ್ರಿಲ್ ಕೊನೆಗೆ ಭರಣಿ ಮಳೆ ಬಿದ್ದರೆ ತೋಟದ ಲೆಕ್ಕ ಬದಲಾಗುತ್ತದೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎನ್ನುವುದು ಹೂವಿಗೂ ಸಲ್ಲುವ ಮಾತು. ಚಳಿಗಾಲವಿಡೀ ಮಣ್ಣೊಳಗೆ ಮಲಗಿದ್ದ ಮೇ ಹೂವಿನ ಗೆಡ್ಡೆಯಿಂದ ಎಲೆಗಿಂತ ಮೊದಲು ದಪ್ಪ ಕಾಂಡವೊಂದು ಎದ್ದು ಕೆಂಪು ಚೆಂಡಿನಂಥ ಹೂಗೊಂಚಲು ಹೊರುತ್ತದೆ. ಆದರೆ ಅದೇ ಮಳೆಯ ತೇವಕ್ಕೆ ಜಿನಿಯಾದ ಎಲೆಗಳ ಮೇಲೆ ಬೂದಿ ರೋಗ ಏರತೊಡಗುತ್ತದೆ, ಕಾಶಿ ಕಣಗಿಲೆಯ ಬುಡ ಕೊಳೆಯುವ ಭಯವೂ ಆಗಲೇ. ಆದ್ದರಿಂದ ಕಾಶಿ ಕಣಗಿಲೆಯ ಕುಂಡಗಳನ್ನು ಸಜ್ಜೆಯಡಿಗೆ ಸರಿಸಿ, ಕುಂಡದಡಿಯ ತಟ್ಟೆಗಳನ್ನು ತೆಗೆದುಬಿಡಬೇಕು. ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಬೆಳೆಯುವುದಕ್ಕೆ ಒಂದು ವಾರ ಸಾಕು. ಜಿನಿಯಾದಲ್ಲಿ ಒಳ್ಳೆಯ ಬಣ್ಣದ, ದೊಡ್ಡ ಹೂಗಳನ್ನು ಗುರುತಿಸಿ ಗಿಡದಲ್ಲೇ ಕಂದಾಗಿ ಒಣಗಲು ಬಿಟ್ಟು, ಮಳೆಯಿಲ್ಲದ ದಿನ ಕಿತ್ತು, ಕಾಗದದ ಮೇಲೆ ನೆರಳಲ್ಲಿ ವಾರ ಕಾಲ ಹರಡಿ, ಬೀಜ ಉದುರಿಸಿ ಬಣ್ಣದ ಹೆಸರು ಬರೆದ ಲಕೋಟೆಗಳಲ್ಲಿ ಹಾಕಿಡುತ್ತೇನೆ. ಎರಡು ಬಣ್ಣದ ಗಿಡಗಳು ಅಕ್ಕಪಕ್ಕ ಇದ್ದರೆ ಜೇನು ಪರಾಗ ಬೆರೆಸುವುದರಿಂದ ಮರುವರ್ಷ ಲಕೋಟೆಯ ಮೇಲೆ ಬರೆದ ಬಣ್ಣವೇ ಬರುತ್ತದೆಂಬ ಖಾತ್ರಿಯಿಲ್ಲ. ಹಾಗೆ ಬೆರೆತು ಬಂದ ಒಂದು ನಸುಗೆಂಪು ಜಿನಿಯಾದ ಬೀಜವನ್ನು ಈಗ ಬೇರೆಯಾಗಿಯೇ ಇಟ್ಟಿದ್ದೇನೆ, ಮುಂದಿನ ರಥಸಪ್ತಮಿಗೆ ಅದಕ್ಕೆ ಪಾತಿಯ ಮೂಡಣ ತುದಿಯಲ್ಲಿ, ಉಳಿದವುಗಳಿಂದ ದೂರ, ಜಾಗ ಗೊತ್ತುಮಾಡಿದ್ದೇನೆ.